ದುರ್ಗದ ಸೀಮೆಯ ನೀರು, ಅದಿರು ಮತ್ತು ನಮ್ಮ ಬದುಕು: ಚರಿತ್ರೆ ಹೇಳುವ ಲೆಕ್ಕ



‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ವಿದ್ಯಾರ್ಥಿಗಳಾದವರು ಪರೀಕ್ಷೆಯಲ್ಲಿ ಅದಕ್ಕೆ ವ್ಯಾಖ್ಯೆಯನ್ನೂ ಬರೆದಿರುತ್ತೀರಿ. 1987ರಲ್ಲಿ ವಿಶ್ವಸಂಸ್ಥೆ ನೇಮಿಸಿದ್ದ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಬಂದ ಮೇಲೆ ಈ ಮಾತು ಜಗತ್ತಿನ ಎಲ್ಲ ಭಾಷೆಗಳಿಗೂ ಇಳಿಯಿತು. ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಯ ಪಾಲಿಗೆ ಕೈ ಹಾಕಬಾರದು ಎಂಬುದು ಅದರ ಸಾರ. ಕೇಳಲು ಸುಲಭ. ಆದರೆ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಈ ಮಾತಿಗೆ ಏನು ಅರ್ಥ? ಅದನ್ನು ತಿಳಿಯಲು ದೂರದ ವರದಿಗಳನ್ನು ಓದಬೇಕಾಗಿಲ್ಲ. ನಾವು ದಿನವೂ ತುಳಿಯುವ ನೆಲದ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕಿದರೆ ಸಾಕು.

ನಮ್ಮದು ಬಯಲುಸೀಮೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 600 ಮಿಲಿಮೀಟರ್ ಆಸುಪಾಸು ಮಾತ್ರ. ಇಂಥ ಕಡೆ ಮನುಷ್ಯ ಎರಡು ಸಾವಿರ ವರ್ಷಗಳಿಂದ ಊರು ಕಟ್ಟಿ, ಬೆಳೆ ಬೆಳೆದು, ವ್ಯಾಪಾರ ನಡೆಸಿಕೊಂಡು ಬಂದಿದ್ದಾನೆ. ಹೇಗೆ ಸಾಧ್ಯವಾಯಿತು? ಎಲ್ಲಿ ತಪ್ಪಿತು? ಈ ಲೇಖನ ಕೇಳುವುದು ಇವೆರಡೇ ಪ್ರಶ್ನೆ.

ಶಾಸನದಲ್ಲಿ ಒಂದು ಕೆರೆ

ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲೇ ಚಂದ್ರವಳ್ಳಿ ಇದೆ. ರಜೆಯ ದಿನ ಅಲ್ಲಿಗೆ ಹೋಗಿ ಬುತ್ತಿ ಬಿಚ್ಚದ ವಿದ್ಯಾರ್ಥಿ ನಮ್ಮೂರಿನಲ್ಲಿ ಇರಲಾರ. ಆ ಕಣಿವೆಯಲ್ಲಿ ಡಾ. ಎಂ.ಎಚ್. ಕೃಷ್ಣ ಅವರ ನೇತೃತ್ವದಲ್ಲಿ ಮೈಸೂರು ಪುರಾತತ್ವ ಇಲಾಖೆ 1920ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿತು. ಶಾತವಾಹನರ ಕಾಲದ ಊರಿನ ಅವಶೇಷಗಳು ದೊರೆತವು. ರೋಮ್ ಚಕ್ರವರ್ತಿಗಳ ನಾಣ್ಯಗಳೂ ಸಿಕ್ಕವು. ಎಂದರೆ ಇಂದಿಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇದು ದೂರದೇಶದ ವ್ಯಾಪಾರದ ನಂಟಿದ್ದ ಊರು.

ಅದೇ ಚಂದ್ರವಳ್ಳಿಯ ಬಂಡೆಯೊಂದರ ಮೇಲೆ ಕದಂಬ ರಾಜವಂಶದ ಸ್ಥಾಪಕ ಮಯೂರಶರ್ಮನ ಶಾಸನವಿದೆ. ಕಾಲ ಕ್ರಿ.ಶ. ನಾಲ್ಕನೆಯ ಶತಮಾನ, ಭಾಷೆ ಪ್ರಾಕೃತ. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳನ್ನು ಓದುವ ಬಗೆಯಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಶಾಸನದ ವಿಷಯವೇನೆಂಬುದರಲ್ಲಿ ಗೊಂದಲವಿಲ್ಲ. ಅದು ಒಂದು ತಟಾಕದ, ಅಂದರೆ ಕೆರೆಯ ಕೆಲಸವನ್ನು ದಾಖಲಿಸುತ್ತದೆ. ಹೊಸ ರಾಜವಂಶವನ್ನು ಕಟ್ಟಿದವನು ಈ ನೆಲದಲ್ಲಿ ಕಲ್ಲಿನ ಮೇಲೆ ಬರೆಸಿಟ್ಟ ಮಾತು ಕೆರೆಯ ಮಾತು ಎಂಬುದನ್ನು ನೆನಪಿಡಿ. ಇಲ್ಲಿ ವ್ಯಾಪಾರವಾಗಲಿ ರಾಜ್ಯವಾಗಲಿ ನಿಂತದ್ದು ಮಳೆನೀರನ್ನು ಹಿಡಿದಿಟ್ಟವರ ಬಲದ ಮೇಲೆ.

ಕೋಟೆಯೊಳಗಿನ ನೀರು

ಮುಂದೆ ಇದೇ ಬೆಟ್ಟದ ಮೇಲೆ ಪಾಳೆಯಗಾರರು ಏಳು ಸುತ್ತಿನ ಕೋಟೆಯನ್ನು ಬೆಳೆಸಿದರು. ಕೋಟೆಯನ್ನು ನೋಡಲು ಹೋದವರು ಬುರುಜುಗಳನ್ನು, ಬಾಗಿಲುಗಳನ್ನು ನೋಡಿ ಬೆರಗಾಗುತ್ತಾರೆ. ನೀವು ಮುಂದಿನ ಸಲ ಹೋದಾಗ ನೀರಿನ ದಾರಿಯನ್ನು ಹುಡುಕಿ ನೋಡಿ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಮುಂದೆ ಕೆಳಗಿನ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡಗಳ ಕಡೆಗೆ. ಬಂಡೆಯ ಮೇಲೆ ಬಿದ್ದ ಮಳೆ ಒಂದೇ ಓಟಕ್ಕೆ ಹರಿದು ಹೋಗದಂತೆ ಮೆಟ್ಟಿಲು ಮೆಟ್ಟಿಲಾಗಿ ಹಿಡಿದು ನಿಲ್ಲಿಸಿದ ವ್ಯವಸ್ಥೆ ಇದು.

ಒನಕೆ ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಗಂಡ ಊಟಕ್ಕೆ ಕುಳಿತಿದ್ದಾಗ ಆಕೆ ನೀರು ತರಲು ಹೊರಟಿದ್ದಳು, ಆಗಲೇ ಕಿಂಡಿಯ ಬಳಿ ಸದ್ದು ಕೇಳಿಸಿತು ಎನ್ನುತ್ತದೆ ಐತಿಹ್ಯ. ಆ ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಎಂಬ ಸಣ್ಣ ನೀರಿನ ತಾಣ ಇಂದಿಗೂ ಇದೆ. ಜನರ ನೆನಪಿನಲ್ಲಿ ಕೋಟೆಯ ಅತಿ ದೊಡ್ಡ ಸಾಹಸವೂ ನೀರು ತರುವ ಹೆಣ್ಣುಮಗಳಿಂದಲೇ ಆರಂಭವಾಗುತ್ತದೆ. 1779ರಲ್ಲಿ ಹೈದರಲಿ ಈ ಕೋಟೆಯನ್ನು ಗೆದ್ದುಕೊಂಡನು. ಆಳುವವರು ಬದಲಾದರು, ಆದರೆ ಹೊಂಡಗಳ ಅಗತ್ಯ ಯಾರಿಗೂ ತಪ್ಪಲಿಲ್ಲ.

ಹೊಂಡದ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಹೊಂಡಕ್ಕೆ ಮೆಟ್ಟಿಲುಗಳಿವೆ. ಚೈತ್ರದಲ್ಲಿ ನೀರು ಎಷ್ಟು ಮೆಟ್ಟಿಲು ಕೆಳಗಿಳಿದಿದೆ ಎಂಬುದು ಕೊಡ ಹೊತ್ತು ಬಂದವರಿಗೆಲ್ಲ ಕಾಣುತ್ತದೆ. ಉಳಿದದ್ದು ಎಷ್ಟು, ಮಳೆಗೆ ಇನ್ನೆಷ್ಟು ದಿನ ಎಂಬ ಲೆಕ್ಕ ತಾನಾಗಿಯೇ ಮನಸ್ಸಿಗೆ ಬರುತ್ತದೆ. ಆ ಲೆಕ್ಕವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ.

ಕೆರೆ, ತೂಬು ಮತ್ತು ನೀರುಗಂಟಿ

ಬೆಟ್ಟದ ಮೇಲೆ ಹೊಂಡಗಳಾದರೆ ಬಯಲಿನಲ್ಲಿ ಕೆರೆಗಳು. ಭೀಮಸಮುದ್ರದಂಥ ದೊಡ್ಡ ಕೆರೆಯಿಂದ ಹಿಡಿದು ಹೆಸರೂ ಇಲ್ಲದ ಕಟ್ಟೆಗಳವರೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆರೆಯಿಲ್ಲದ ಊರು ಅಪರೂಪ. ಹೊಳಲ್ಕೆರೆಯ ಹೆಸರಿನಲ್ಲೇ ಕೆರೆ ಇದೆ. ಮೇಲಿನ ಊರಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ ನೀರು. ಹೀಗೆ ಸರಪಳಿಯಂತೆ ಹಬ್ಬಿದ ವ್ಯವಸ್ಥೆ.

ಈ ನೀರನ್ನು ಹಂಚುತ್ತಿದ್ದವನು ನೀರುಗಂಟಿ. ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು, ಬರದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಮಾತ್ರ ನಾಟಿ, ಇವೆಲ್ಲ ಅವನ ಹೊಣೆ. ಸುಗ್ಗಿಯಲ್ಲಿ ರೈತರು ಅವನಿಗೆ ಆಯ ಕೊಡುತ್ತಿದ್ದರು. ಬೇಸಿಗೆಯಲ್ಲಿ ಕೆರೆಯಂಗಳದ ಗೋಡನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೆರೆಯ ಹೂಳು ತೆಗೆದಂತೆಯೂ ಆಯಿತು, ಹೊಲಕ್ಕೆ ಗೊಬ್ಬರವೂ ಆಯಿತು.

ಆದರೆ ಹಿಂದಿನದೆಲ್ಲ ಚಿನ್ನದ ಕಾಲವೆಂದು ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. ನೀರುಗಂಟಿ, ತೋಟಿ, ತಳವಾರ ಇವೆಲ್ಲ ವಂಶಪಾರಂಪರ್ಯದ ಚಾಕರಿಗಳು. ಜಾತಿಯ ಕಟ್ಟಿಗೆ ಸಿಕ್ಕಿದ ಕುಟುಂಬಗಳು ತಲೆತಲಾಂತರ ಅದರಲ್ಲೇ ಉಳಿಯಬೇಕಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ಪದ್ಧತಿಗೆ ಕೊನೆ ಹಾಡಿತು. ಅದು ನ್ಯಾಯವಾದ ಕಾನೂನು. ನಾವು ಎಡವಿದ್ದು ಬೇರೆ ಕಡೆ. ಹುದ್ದೆ ಹೋದ ಮೇಲೆ ಆ ಕೆಲಸವನ್ನು ಯಾರು ಮಾಡಬೇಕು ಎಂದು ಊರು ಕುಳಿತು ತೀರ್ಮಾನಿಸಲಿಲ್ಲ. ಸರ್ಕಾರ ಮಾಡುತ್ತದೆ ಎಂದು ಊರು, ಊರವರು ನೋಡಿಕೊಳ್ಳುತ್ತಾರೆ ಎಂದು ಸರ್ಕಾರ. ಇಬ್ಬರ ನಡುವೆ ಕೆರೆಯಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು, ಕಾಲುವೆಗಳು ಒತ್ತುವರಿಯಾದವು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನೆ ಆರಂಭವಾದಾಗ ನಮ್ಮ ಜಿಲ್ಲೆಯೂ ಅದರಲ್ಲಿ ಸೇರಿತು. ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಅವರ ಕೈಯಿಂದಲೇ ಕೆರೆ ದುರಸ್ತಿ ಮಾಡಿಸುವ ಪ್ರಯತ್ನ ಅದು. ನಾವು ಕಳೆದುಕೊಂಡ ನೀರುಗಂಟಿಯನ್ನು ಜಾತಿಯ ಕಟ್ಟಿಲ್ಲದೆ ಮತ್ತೆ ಹುಡುಕುವ ಯತ್ನವೆಂದು ಅದನ್ನು ಕರೆಯಬಹುದು.

ಮತ್ತೋಡಿನ ಬಳೆ, ದೊರೆಗುಡ್ಡದ ಕಬ್ಬಿಣ

ನೀರಿನ ಮಾತಾಯಿತು, ಇನ್ನು ಉದ್ಯಮದ ಮಾತು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮನಾದ ಮೇಲೆ ಈ ಸೀಮೆಯ ಸಂಪತ್ತನ್ನು ಅಳೆದು ವರದಿ ಮಾಡಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳುಹಿಸಿತು. 1800-01ರಲ್ಲಿ ಪ್ರವಾಸ ಮಾಡಿದ ಆತ ಮತ್ತೋಡಿನ ಬಳೆಯ ಕುಲುಮೆಗಳನ್ನು ವಿವರವಾಗಿ ಬರೆದಿದ್ದಾನೆ. ಸುತ್ತಲಿನ ಸೌಳು ಮಣ್ಣಿನಿಂದ ಕ್ಷಾರ, ಗುಡ್ಡದಿಂದ ಬೆಣಚುಕಲ್ಲು, ಅವನ್ನು ಕರಗಿಸಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆಗಳು. ಮತ್ತೋಡಿನ ಆಸುಪಾಸಿನ ದೊರೆಗುಡ್ಡದಲ್ಲಿ ಕಬ್ಬಿಣದ ಅದಿರನ್ನು ಅಗೆದು ಇದ್ದಿಲಿನ ಕುಲುಮೆಯಲ್ಲಿ ಕರಗಿಸುತ್ತಿದ್ದ ಬಗೆಯನ್ನೂ ಆತ ದಾಖಲಿಸಿದ್ದಾನೆ. ರೈತನ ನೇಗಿಲಿನ ಗುಳ, ಗಾಡಿಯ ಪಟ್ಟಿ, ಕುಡುಗೋಲು ಎಲ್ಲವೂ ಇಂಥ ಕುಲುಮೆಗಳ ಕಬ್ಬಿಣದಿಂದಲೇ.

ಆ ಕಾಲದ ಕಮ್ಮಾರರು ಪರಿಸರ ಪ್ರೇಮಿಗಳಾಗಿದ್ದರೆ? ಹಾಗೇನೂ ಇಲ್ಲ. ಇದ್ದಿಲಿಗಾಗಿ ಅವರೂ ಕಾಡು ಕಡಿದರು. ಆದರೆ ಅಗೆಯುವುದು ತೋಳಿನ ಬಲದಿಂದ, ಹೊರುವುದು ಕತ್ತೆ ಎತ್ತುಗಳ ಬೆನ್ನ ಮೇಲೆ, ಮಾರುವುದು ಸುತ್ತಿನ ಸಂತೆಗಳಲ್ಲಿ. ಒಂದು ವರ್ಷದಲ್ಲಿ ಗುಡ್ಡದಿಂದ ಇಳಿಯುವ ಅದಿರಿಗೆ ಅಲ್ಲೇ ಒಂದು ಮಿತಿ ಇತ್ತು. ಆ ಮಿತಿಯನ್ನು ಹಾಕಿದ್ದು ಮನುಷ್ಯನ ಸದ್ಗುಣವಲ್ಲ, ಅವನ ಶಕ್ತಿಯ ಅಳತೆ. ಯಂತ್ರ ಬಂದ ದಿನ ಆ ಮಿತಿ ಕಳಚಿ ಬಿತ್ತು. ಅಲ್ಲಿಂದ ಮುಂದೆ ಮಿತಿಯನ್ನು ನಾವೇ ತಿಳಿದು ಹಾಕಿಕೊಳ್ಳಬೇಕಾಯಿತು.

ಮಾರಿಕಣಿವೆಯ ಪಾಠ

1876ರಿಂದ 1878ರವರೆಗಿನ ಭೀಕರ ಬರಗಾಲ ಮೈಸೂರು ಸಂಸ್ಥಾನವನ್ನು ತತ್ತರಿಸುವಂತೆ ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ನೆನಪು ಹಸಿಯಾಗಿದ್ದ ಕಾಲದಲ್ಲೇ ವೇದಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಆರಂಭವಾಯಿತು.

ವೇದಾವತಿಯ ಮೂಲ ಬಾಬಾಬುಡನ್‌ಗಿರಿ ಶ್ರೇಣಿ. ವೇದ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹೊಸದುರ್ಗ ತಾಲ್ಲೂಕನ್ನು ದಾಟಿ ಹಿರಿಯೂರು ತಾಲ್ಲೂಕಿಗೆ ಬರುತ್ತವೆ. ಅಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಮಾರಿಕಣಿವೆಯಲ್ಲಿ ಕಲ್ಲಿನ ಅಣೆಕಟ್ಟನ್ನು ಕಟ್ಟಲಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರ ಸುಮಾರಿಗೆ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ಕೆಲಸ ಆರಂಭವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ‘ವಾಣಿವಿಲಾಸ ಸನ್ನಿಧಾನ’ ಎಂಬ ಬಿರುದೇ ಜಲಾಶಯದ ಹೆಸರಾಯಿತು. ಸಾಮರ್ಥ್ಯ ಸುಮಾರು 30 ಟಿ.ಎಂ.ಸಿ. ಅಡಿ. ಹತ್ತು ಸಾವಿರ ಹೆಕ್ಟೇರ್‌ಗೂ ಹೆಚ್ಚು ಜಮೀನಿಗೆ ನೀರು, ಹಿರಿಯೂರು ಮತ್ತು ಚಿತ್ರದುರ್ಗಕ್ಕೆ ಕುಡಿಯುವ ನೀರು. ಹಿರಿಯೂರಿನ ತೆಂಗಿನ ತೋಟಗಳು, ಕಬ್ಬಿನ ಗದ್ದೆಗಳು, ಆ ಕಬ್ಬನ್ನು ನಂಬಿ ಹುಟ್ಟಿದ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ, ಎಲ್ಲಕ್ಕೂ ಈ ನೀರೇ ಬೇರು.

ಆದರೆ ಒಂದು ಸಂಗತಿಯನ್ನು ನೋಡಿ. 130 ಅಡಿಯ ಈ ಜಲಾಶಯ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು! ಮತ್ತೆ 2025ರ ಜನವರಿಯಲ್ಲಿ ಕೋಡಿ ಹರಿಯಿತು. ನಡುವಿನ ದೀರ್ಘಕಾಲದಲ್ಲಿ ಹಲವು ಸಲ ನೀರು ತಳ ಸೇರಿ, ಕುಡಿಯುವ ನೀರಿಗೂ ತತ್ವಾರವಾಗಿತ್ತು. ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿತು. ಹಿರಿಯೂರು, ಹೊಸದುರ್ಗಗಳ ತೆಂಗಿನ ಮರಗಳು ಸುಳಿ ಒಣಗಿ ನಿಂತವು.

ಇದಕ್ಕೆ ಮಳೆಯೊಂದನ್ನೇ ದೂರುವಂತಿಲ್ಲ. ನದಿಯ ಮೇಲ್ಭಾಗದಲ್ಲಿ ಒಡ್ಡುಗಳು ಹೆಚ್ಚಿದವು, ತೋಟಗಳು ಹೆಚ್ಚಿದವು, ತೋಟಕ್ಕೊಂದು ಕೊಳವೆಬಾವಿ ಬಂದಿತು. ಮೇಲಿನವನು ತನ್ನ ಪಾಲನ್ನು ಮಾತ್ರ ತೆಗೆದುಕೊಂಡೆ ಎಂದುಕೊಂಡ. ಎಲ್ಲರ ಪಾಲೂ ಕೂಡಿದಾಗ ಕೆಳಗಿನವನಿಗೆ ಏನೂ ಉಳಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜಲಾಶಯ ತುಂಬಲು ಮಳೆಯ ಜೊತೆಗೆ ಭದ್ರೆಯಿಂದ ಎತ್ತಿ ಹರಿಸಿದ ನೀರೂ ಕಾರಣ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಬರಪೀಡಿತ ಜಿಲ್ಲೆಗೆ ಇದು ಸಂತೋಷದ ಸುದ್ದಿಯೇ. ಆದರೆ ಹೊರಗಿನಿಂದ ಬಂದ ನೀರಿಗೂ ಒಂದು ಬುಡವಿದೆ. ಬಂದ ನೀರನ್ನು ಬಳಸುವ ಕ್ರಮ ಬದಲಾಗದಿದ್ದರೆ ಸೋರುವ ಕೊಡಕ್ಕೆ ಇನ್ನೊಂದು ಬಿಂದಿಗೆ ಸುರಿದಂತೆ.

ತಳ ಕಾಣದ ಬಾವಿ

ಹೊಂಡಕ್ಕೆ ಮೆಟ್ಟಿಲಿತ್ತು, ಕೆರೆಗೆ ತೂಬಿತ್ತು. ಕೊಳವೆಬಾವಿಗೆ ಇರುವುದು ಒಂದು ಗುಂಡಿ ಮತ್ತು ಒಂದು ಸ್ವಿಚ್ಚು. ಒಳಗೆ ಎಷ್ಟಿದೆ ಎಂಬುದು ಕಾಣುವುದಿಲ್ಲ. ನೂರಾರು ವರ್ಷಗಳಿಂದ ಬಂಡೆಯ ಬಿರುಕಿನಲ್ಲಿ ಇಂಗಿದ ನೀರನ್ನು ಒಂದು ಬೇಸಿಗೆಯಲ್ಲಿ ಮೇಲೆತ್ತಬಹುದು. ಪಕ್ಕದ ಹೊಲದವನು ಇನ್ನೂ ನೂರು ಅಡಿ ಆಳಕ್ಕೆ ಕೊರೆಸಿದರೆ ನಮ್ಮ ಬಾವಿ ಬತ್ತುತ್ತದೆ, ನಾವು ಇನ್ನೂ ಕೆಳಗೆ ಹೋಗುತ್ತೇವೆ. ಅಂತರ್ಜಲದ ಅತಿಬಳಕೆಯಾದ ಪ್ರದೇಶಗಳ ಸರ್ಕಾರಿ ಪಟ್ಟಿಗಳಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ.

ಆಳದ ನೀರಿನ ಜೊತೆಗೆ ಫ್ಲೋರೈಡ್ ಬಂದಿತು. ಹಲ್ಲು ಕಂದುಗಟ್ಟಿದ ಮಕ್ಕಳು, ಕೀಲು ಬಿಗಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಹೊಸಬರಲ್ಲ. ಅದಕ್ಕೆ ಪರಿಹಾರವಾಗಿ ಊರೂರಿಗೆ ಶುದ್ಧ ನೀರಿನ ಘಟಕ ಬಂದಿತು. ಆ ಯಂತ್ರ ಕೊಡುವ ಶುದ್ಧ ನೀರಿನಷ್ಟೇ, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು ನೀರು ಹಿಂಬದಿಯ ಪೈಪಿನಿಂದ ಚರಂಡಿಗೆ ಹೋಗುತ್ತದೆ. ಹೀಗೆ ಕೆರೆಯನ್ನು ಬಿಟ್ಟುದರ ಬೆಲೆಯನ್ನು ನಾವು ಕೊಳವೆಬಾವಿಗೆ ಒಮ್ಮೆ, ಆಸ್ಪತ್ರೆಗೆ ಒಮ್ಮೆ, ನೀರಿನ ಕ್ಯಾನಿಗೆ ಒಮ್ಮೆ, ಒಟ್ಟು ಮೂರು ಸಲ ತೆರುತ್ತಿದ್ದೇವೆ.

ಅದಿರಿನ ದಿನಗಳು

ನೀರಿನಂತೆಯೇ ಅದಿರು. 2003ರ ನಂತರ ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿದಾಗ ಬಳ್ಳಾರಿಯ ಹಾಗೆಯೇ ನಮ್ಮ ಜಿಲ್ಲೆಯ ಗುಡ್ಡಗಳಿಗೂ ಬೆಲೆ ಬಂದಿತು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು. ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ರಸ್ತೆ ಬದಿಯ ತೋಟಗಳ ಹೆಡೆ, ಹೊಂಬಾಳೆಗಳ ಮೇಲೆ ಕೆಂಧೂಳು ಕುಳಿತಿತು. ಮಳೆಗಾಲದಲ್ಲಿ ಗಣಿಯ ಮಣ್ಣು ಹಳ್ಳ ಹಿಡಿದು ಕೆರೆಗೆ ಇಳಿಯಿತು. ಲಾಭ ಒಬ್ಬರ ಜೇಬಿಗೆ, ಧೂಳು ಇನ್ನೊಬ್ಬರ ತೋಟಕ್ಕೆ. ವ್ಯಾಪಾರ ಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಯೋಚಿಸಬೇಕು. ಅದಿರಿನ ಬೆಲೆಯಲ್ಲಿ ಡೀಸೆಲ್ ಇತ್ತು, ಕೂಲಿ ಇತ್ತು, ರಾಯಧನ ಇತ್ತು. ಹಾಳಾದ ಅಡಿಕೆ, ಹೂಳು ತುಂಬಿದ ಕೆರೆ, ಕೆಮ್ಮುವ ಮಗು ಮಾತ್ರ ಯಾವ ಬಿಲ್ಲಿನಲ್ಲೂ ಇರಲಿಲ್ಲ.

ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008 ಮತ್ತು 2011ರಲ್ಲಿ ಅಕ್ರಮ ಗಣಿಗಾರಿಕೆಯ ವರದಿಗಳನ್ನು ಕೊಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ನ್ಯಾಯಾಲಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಗೆ ಒಪ್ಪಿದ ಮೇಲೆಯೇ ಮತ್ತೆ ಗಣಿ ತೆರೆಯಬೇಕಾಯಿತು. ಗಣಿಪ್ರದೇಶಗಳ ಪುನಶ್ಚೇತನಕ್ಕೆಂದೇ 2014ರಲ್ಲಿ ಒಂದು ನಿಗಮ ಸ್ಥಾಪನೆಯಾಯಿತು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ನ್ಯಾಯಾಲಯ ಅದಿರಿಗೆ ವಾರ್ಷಿಕ ಮಿತಿ ಹಾಕಿತು. ಚಿತ್ರದುರ್ಗ, ತುಮಕೂರು ಎರಡೂ ಜಿಲ್ಲೆಗಳು ಸೇರಿ ವರ್ಷಕ್ಕೆ 50 ಲಕ್ಷ ಟನ್. ಕತ್ತೆ ಎತ್ತುಗಳ ಬೆನ್ನು ಹಿಂದೆ ಹಾಕಿದ್ದ ಮಿತಿಯನ್ನು ಎರಡು ಶತಮಾನಗಳ ಮೇಲೆ ದೇಶದ ಅತ್ಯುನ್ನತ ನ್ಯಾಯಪೀಠ ಹಾಕಬೇಕಾಯಿತು! ಈ ಮಿತಿ 2017ರಲ್ಲಿ 70 ಲಕ್ಷ ಟನ್‌ಗೂ 2022ರಲ್ಲಿ 1.5 ಕೋಟಿ ಟನ್‌ಗೂ ಏರಿತು. ಹತ್ತು ವರ್ಷದೊಳಗೆ ಮೂರು ಪಟ್ಟು. ಆ ಹತ್ತು ವರ್ಷಗಳಲ್ಲಿ ನಮ್ಮ ಗುಡ್ಡಗಳೇನೂ ಬೆಳೆಯಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಗಣಿ ನಿಂತಾಗ ಮೊದಲು ಪೆಟ್ಟು ತಿಂದವರು ಗಣಿಯ ಒಡೆಯರಲ್ಲ. ಸಾಲ ಮಾಡಿ ಲಾರಿ ಕೊಂಡವರು, ಚಾಲಕರು, ಕ್ಲೀನರ್‌ಗಳು, ಗ್ಯಾರೇಜಿನ ಹುಡುಗರು, ರಸ್ತೆ ಬದಿಯ ಹೋಟೆಲಿನವರು. ಇವರಲ್ಲಿ ನಮ್ಮ ಸಮಾಜದವರೂ ಇದ್ದರು. ಮಿತಿಯಿಲ್ಲದ ವ್ಯಾಪಾರ ಬಡವನಿಗೆ ಎರಡು ಸಲ ಹೊಡೆಯುತ್ತದೆ. ನಡೆಯುವಾಗ ಅವನ ನೀರು, ಗಾಳಿ ಹೋಗುತ್ತವೆ. ನಿಂತಾಗ ಅವನ ಅನ್ನ ಹೋಗುತ್ತದೆ. ಆದ್ದರಿಂದ ಪರಿಸರದ ಕಾಳಜಿಯನ್ನು ಹೊಟ್ಟೆ ತುಂಬಿದವರ ಹವ್ಯಾಸವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಿಂಜುವ ಬಿಲ್ಲು, ಕಲಾಯಿಯ ಕುಲುಮೆ

ಇಷ್ಟೆಲ್ಲ ಕೇಳಿದ ಮೇಲೆ ‘ಗಣಿ ನಮ್ಮದಲ್ಲ, ಕಾರ್ಖಾನೆ ನಮ್ಮದಲ್ಲ, ನಾವೇನು ಮಾಡಬೇಕು?’ ಎಂದು ನೀವು ಕೇಳಬಹುದು. ಉತ್ತರ ನಮ್ಮ ಕೇರಿಗಳಲ್ಲೇ ಇದೆ.

ಚಿತ್ರದುರ್ಗ ಸೀಮೆ ಹತ್ತಿ ಬೆಳೆದ ಸೀಮೆ. ಇಲ್ಲಿ ನದಾಫ್ ಅಥವಾ ಪಿಂಜಾರ ಜನ ತಲೆಮಾರುಗಳಿಂದ ಅರಳೆ ಹಿಂಜಿ ಬದುಕಿದವರು. ಹೆಗಲ ಮೇಲೆ ಬಿಲ್ಲು ಹೊತ್ತು ಬೀದಿ ಬೀದಿ ತಿರುಗುತ್ತಿದ್ದರು. ಹತ್ತು ವರ್ಷ ಮಲಗಿ ಗಟ್ಟಿಯಾದ ಹಾಸಿಗೆಯನ್ನು ಅಂಗಳದಲ್ಲಿ ಬಿಚ್ಚಿ, ಅರಳೆಯನ್ನು ಬಿಲ್ಲಿನ ತಂತಿಗೆ ಕೊಟ್ಟು ಹಿಂಜಿ, ಧೂಳು ಕೊಡವಿ, ಮತ್ತೆ ತುಂಬಿ ಹೊಲಿದರೆ ಹಾಸಿಗೆ ಹೊಸದಾಗುತ್ತಿತ್ತು. ಒಂದೇ ಅರಳೆ ತಾಯಿಯ ಹಾಸಿಗೆಯಾಗಿ, ಮಗಳ ದಿಂಬಾಗಿ, ಮೊಮ್ಮಗನ ಕೌದಿಯಾಗಿ ಬಾಳುತ್ತಿತ್ತು. ಕಲಾಯಿಯವರೂ ಹಾಗೆಯೇ. ತಿದಿ ಊದಿ, ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ತವರ ಬಳಿದರೆ ಕಿಲುಬು ಹಿಡಿದ ತಾಮ್ರದ ದೇಗಡಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ಇನ್ನು ಗುಜರಿ ವ್ಯಾಪಾರ. ಇದನ್ನು ಕೀಳಾಗಿ ಕಾಣುವವರಿದ್ದಾರೆ. ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಹಳೆಯ ಕಬ್ಬಿಣ ಕುಲುಮೆಗೆ ಮರಳಿದರೆ ಅಷ್ಟು ಅದಿರು ಗುಡ್ಡದಲ್ಲೇ ಉಳಿಯುತ್ತದೆ. ಆ ಲೆಕ್ಕದಲ್ಲಿ ಗುಜರಿ ಗಾಡಿ ತಳ್ಳುವವನೂ ಗುಡ್ಡ ಕಾಯುವವನೇ.

ಈ ಕಸುಬುದಾರರಿಗೆ ಇದರಿಂದ ಬಂದದ್ದು ಅರೆಹೊಟ್ಟೆಯ ಬದುಕು ಎಂಬುದೂ ನಿಜ. ಅವರ ಮಕ್ಕಳು ಬಿಲ್ಲನ್ನೇ ಹೊರಬೇಕೆಂದು ಯಾರೂ ಹೇಳಬಾರದು. ಅವರು ಓದಿ ಎಂಜಿನಿಯರ್ ಆಗಲಿ, ವಕೀಲರಾಗಲಿ. ನಮ್ಮ ಸಂಸ್ಥೆಗಳು ಇರುವುದೇ ಅದಕ್ಕಾಗಿ. ಆದರೆ ಕೆಟ್ಟದ್ದನ್ನು ಎಸೆಯುವ ಮೊದಲು ಸರಿಪಡಿಸಲು ನೋಡುವ ಬುದ್ಧಿಯನ್ನು ಕಸುಬಿನ ಜೊತೆಗೇ ಬಿಟ್ಟುಬಿಡಬೇಕಾಗಿಲ್ಲ. ಅದಕ್ಕೆ ಹೊಸ ಯಂತ್ರ, ಹೊಸ ವ್ಯಾಪಾರದ ರೂಪ ಕೊಟ್ಟು ನ್ಯಾಯವಾದ ಸಂಪಾದನೆ ಬರುವಂತೆ ಮಾಡುವುದು ಇಂದಿನ ವಾಣಿಜ್ಯ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ.

ನಾವು ಇಡಬೇಕಾದ ಲೆಕ್ಕ

ಇಡೀ ಚರಿತ್ರೆಯಿಂದ ನನಗೆ ಕಾಣುವ ಪಾಠ ಒಂದೇ. ಈ ಸೀಮೆಯಲ್ಲಿ ಬಾಳಿದ್ದು ಉಳಿದದ್ದೆಷ್ಟು ಎಂದು ನೋಡಿ ಖರ್ಚು ಮಾಡಿದ ಬದುಕು. ಉಳಿದದ್ದು ಕಣ್ಣಿಗೆ ಕಾಣುತ್ತಿದ್ದಾಗ ಲೆಕ್ಕ ಸುಲಭವಾಗಿತ್ತು. ಈಗ ಅದು ಕಾಣುವುದಿಲ್ಲವಾದ್ದರಿಂದ ಲೆಕ್ಕವನ್ನು ಬರೆದೇ ಇಡಬೇಕು.

ಒಂದು ಸಣ್ಣ ಗಣಿತ ಮಾಡೋಣ. ನಿಮ್ಮ ಮನೆಯ ತಾರಸಿ ಸಾವಿರ ಚದರ ಅಡಿ ಇದ್ದರೆ, 600 ಮಿಲಿಮೀಟರ್ ಮಳೆಯಲ್ಲಿ ಅದರ ಮೇಲೆ ಬೀಳುವುದು ಸುಮಾರು 55 ಸಾವಿರ ಲೀಟರ್ ನೀರು. ಐದನೆಯ ಒಂದು ಪಾಲು ನಷ್ಟವಾಯಿತೆಂದರೂ 44 ಸಾವಿರ ಲೀಟರ್ ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಗೆ ಎರಡು ತಿಂಗಳಿಗೂ ಹೆಚ್ಚು ಸಾಕು. ಈ ನೀರು ಈಗ ಚರಂಡಿಯಲ್ಲಿ ಹೋಗುತ್ತಿದೆ. ಶಾಲೆಯ, ವಸತಿನಿಲಯದ, ಶಾದಿಮಹಲಿನ ತಾರಸಿಯ ಲೆಕ್ಕವನ್ನು ನೀವೇ ಮಾಡಿ ನೋಡಿ. ಮಸೀದಿಯ ವಜೂಖಾನೆಯ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸುವುದಕ್ಕೆ ಬೇಕಾದದ್ದು ಒಂದು ಪೈಪು ಮತ್ತು ಒಬ್ಬರ ಮನಸ್ಸು.

ಮದುವೆಗಳ ಕಡೆಗೂ ನೋಡೋಣ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದಿತು. ಆದರೂ ಊಟವಾದ ಮೇಲೆ ಮಂಟಪದ ಹಿಂದೆ ಅರ್ಧ ಕುಡಿದ ನೀರಿನ ಬಾಟಲಿಗಳ ರಾಶಿ ಬಿದ್ದಿರುತ್ತದೆ. ಜಮಾತ್‌ಗಳು, ಸಂಘಗಳು ಒಂದು ಸೆಟ್ ಸ್ಟೀಲ್ ತಟ್ಟೆ ಲೋಟಗಳನ್ನು ಕೊಂಡು ಬಾಡಿಗೆಗೆ ಇಟ್ಟರೆ ಕೆಲವೇ ಮದುವೆಗಳಲ್ಲಿ ಅದರ ಹಣ ವಾಪಸ್ಸು ಬರುತ್ತದೆ.

ಅಂಗಡಿ ಇಟ್ಟವರೇ, ತೋಟ ಮಾಡುವವರೇ, ವರ್ಷದ ಕೊನೆಗೆ ಲಾಭನಷ್ಟ ಬರೆಯುವ ಪುಸ್ತಕದಲ್ಲಿ ಇನ್ನೊಂದು ಪುಟ ಸೇರಿಸಿ. ಈ ವರ್ಷ ಎಷ್ಟು ನೀರು, ಎಷ್ಟು ಕರೆಂಟು ತೆಗೆದೆವು, ಎಷ್ಟು ಕಸ ಹೊರಗೆ ಹಾಕಿದೆವು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ? ವಿದ್ಯಾರ್ಥಿಗಳೇ, ನಿಮಗೆ ಒಂದು ಕೆಲಸ. ಈ ರಜೆಯಲ್ಲಿ ನಿಮ್ಮ ಊರಿನ ಕೆರೆಯನ್ನು ಸುತ್ತಿ ಬನ್ನಿ. ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ, ನೀರು ಬರುವ ಕಾಲುವೆಯನ್ನು ಎಲ್ಲಿ ಮುಚ್ಚಿದ್ದಾರೆ ಎಂದು ಬರೆದುಕೊಳ್ಳಿ. ಹಿರಿಯರನ್ನು ಕೇಳಿ ಅದು ಕೊನೆಯ ಸಲ ಕೋಡಿ ಬಿದ್ದ ವರ್ಷವನ್ನು ಗುರುತಿಸಿ. ಆ ಕಾಗದವನ್ನು ಗ್ರಾಮಸಭೆಗೆ ಒಯ್ಯಿರಿ. ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ಹೀಗೆ ಬರೆದರೆ ಅದೇ ಒಂದು ಚರಿತ್ರೆಯಾದೀತು, ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲೂ ತಕ್ಕದ್ದಾದೀತು.

ಸಾವಿರದ ಆರುನೂರು ವರ್ಷಗಳ ಹಿಂದಿನ ಬಂಡೆಯ ಮೇಲೆ ಕೆರೆ ಮಾಡಿಸಿದವರ ಮಾತು ಇನ್ನೂ ಉಳಿದಿದೆ. ಕೆರೆಯನ್ನು ಕಳೆದವರು ಯಾರು ಎಂದು ಮುಂದಿನವರು ಕೇಳಿದರೆ ಅದಕ್ಕೆ ಶಾಸನವೇ ಬೇಕಾಗುವುದಿಲ್ಲ, ಒಣಗಿದ ಕೆರೆಯಂಗಳವೇ ನಮ್ಮ ಹೆಸರು ಹೇಳುತ್ತದೆ. ಅಂಥ ಹೆಸರು ನಮಗೆ ಬಾರದಿರಲಿ.